ಹಾಯೋ ದೋಣಿ

ಮೊನ್ನೆಯಿಂದ ಮಂಡ್ಯದ ಗುತ್ತಲಿನ ನಮ್ಮ ಬೀದಿಗೆ ಡಾಂಬರು ಹಾಕುತ್ತಿದ್ದಾರೆ. ಬೆಳಗ್ಗೆ ಕಿಟಕಿ ತೆಗೆದರೆ ಸಾಕು, ಕಾಫಿಗಿಂತ ಮೊದಲು ಡಾಂಬರಿನ ವಾಸನೆ ಅಡುಗೆಮನೆಗೆ ಬಂದು ಕೂತಿರುತ್ತದೆ. ಎದುರುಮನೆಯವರು ಮೂಗಿಗೆ ಸೆರಗು ಹಿಡಿದುಕೊಂಡೇ ರಂಗೋಲಿ ಹಾಕುತ್ತಾರೆ. ನಾನು ಮಾತ್ರ ಕಿಟಕಿ ಮುಚ್ಚುವುದಿಲ್ಲ. ಹುಚ್ಚು ಅಂದುಕೊಳ್ಳಿ, ಬಿಸಿ ಡಾಂಬರಿನ ವಾಸನೆ ಬಂದರೆ ನನಗೆ ಹಸಿವಾಗುತ್ತದೆ, ಅದರಲ್ಲೂ ಚಿತ್ರಾನ್ನ ತಿನ್ನಬೇಕು ಅನ್ನಿಸುತ್ತದೆ.

ಇವತ್ತು ಆ ವಾಸನೆಯ ಜೊತೆಗೆ ಹಾರನ್ ಸದ್ದೂ ಸೇರಿತ್ತು. ನಮ್ಮ ಯಜಮಾನರದು. ರಿಟೈರ್ ಆದ ಮೇಲೆ ಅವರು ಕಾರು ತೆಗೆದುಕೊಂಡರು, ಡ್ರೈವಿಂಗೂ ಕಲಿತರು, ಆದರೆ ಅರ್ಧ. ಮುಂದಕ್ಕೆ ಹೋಗುತ್ತಾರೆ, ಹಿಂದಕ್ಕೆ ಬರಲಾರರು. ರಿವರ್ಸ್ ಹಾಕಿದರೆ ಕಾರು ಇವರು ಹೇಳಿದ ದಿಕ್ಕು ಬಿಟ್ಟು ಬೇರೆಲ್ಲ ದಿಕ್ಕಿಗೂ ತಿರುಗುತ್ತದಂತೆ. ಹೀಗಾಗಿ ಎಲ್ಲೂ ಹಿಂದಕ್ಕೆ ತೆಗೆಯಬೇಕಾಗದಂಥ ದಾರಿ ಹುಡುಕಿಕೊಂಡು, ಅರ್ಧ ಮಂಡ್ಯ ಸುತ್ತಿ, ಒಂದು ಕಟ್ಟು ಸೊಪ್ಪು ತರುತ್ತಾರೆ. ನಾನು ಮೊದಲ ದಿನವೇ ಹೇಳಿಬಿಟ್ಟಿದ್ದೆ: "ರಿವರ್ಸ್ ಬಂದ ದಿನ ಕರೀರಿ, ಹತ್ತುತ್ತೀನಿ." ಎಂಟು ತಿಂಗಳಾಯಿತು, ಆ ಕಾರಿನ ಸೀಟು ಮೆತ್ತಗಿದೆಯೋ ಗಟ್ಟಿಯೋ ನನಗೆ ಗೊತ್ತಿಲ್ಲ. ಇವತ್ತು ಬೀದಿಯ ಕೊನೆಯಲ್ಲಿ ಡಾಂಬರಿನ ಡ್ರಮ್ಮು ಅಡ್ಡ ನಿಂತಿದೆ. ಇವರು ಕಾರನ್ನು ಅಲ್ಲಿಯವರೆಗೆ ತೆಗೆದುಕೊಂಡು ಹೋಗಿ ಸಿಕ್ಕಿಕೊಂಡಿದ್ದಾರೆ. ಕಿಟಕಿಯಲ್ಲಿ ನಿಂತು ನಗುತ್ತಿದ್ದವಳಿಗೆ ಥಟ್ಟನೆ ನೆನಪಾಯಿತು. ನಾನು ಹೇಳಿದ ಆ ಮಾತು ನನ್ನದಲ್ಲ, ಅಮ್ಮನದು. ಐವತ್ತು ವರ್ಷದ ಹಿಂದೆ ಒಂದು ದೋಣಿಯನ್ನು ನೋಡಿ ಅವಳು ಹೇಳಿದ್ದು.

ಅಪ್ಪ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವರಿಗೆ ಮದ್ದೂರು ತಾಲ್ಲೂಕಿನಲ್ಲಿ, ಆತಗೂರಿನ ಹತ್ತಿರದ ಒಂದು ಊರಿಗೆ ವರ್ಗವಾಗಿತ್ತು. ಊರಿನ ಹೆಸರು ಬೇಡ. ನಮ್ಮನ್ನು ನೆನೆಸಿಕೊಂಡು ನಗುವವರು ಅಲ್ಲಿ ಇನ್ನೂ ಇದ್ದಾರೆ. ಊರಿಗೆ ಒಂದು ದೊಡ್ಡ ಕೆರೆ. ಪಶ್ಚಿಮದ ದಡದಲ್ಲಿ ನಮ್ಮ ಮನೆ, ಪೂರ್ವಕ್ಕೆ ಏರಿ ಮತ್ತು ತೂಬು. ಅಪ್ಪ ಸಮುದ್ರವನ್ನು ನೋಡಿದವರಲ್ಲ. ಮಂಗಳೂರಿಗೂ ಹೋದವರಲ್ಲ. ಆದರೆ ಅಟ್ಲಾಂಟಿಕ್ ಸಾಗರದ ಪಾಠ ಮಾಡುವಾಗ ಅವರ ಮುಖ ನೋಡಬೇಕಿತ್ತು, ಉಪ್ಪು ನೀರು ಕಣ್ಣಿಗೆ ಹಾರಿದವರ ಹಾಗೆ ಕಣ್ಣು ಮಿಟುಕಿಸುತ್ತಿದ್ದರು.

ಒಂದು ದಿನ ಏಳನೇ ಕ್ಲಾಸಿನಲ್ಲಿ ವಾಣಿಜ್ಯ ಮಾರುತಗಳ ಪಾಠ. ಈ ಗಾಳಿಯ ಬಲದಿಂದ ಹಾಯಿ ಹಡಗುಗಳು ಸಾಗರ ದಾಟುತ್ತಿದ್ದವು ಅಂತ ಅಪ್ಪ ಕೈಯನ್ನೇ ಹಾಯಿ ಮಾಡಿ ತೋರಿಸುತ್ತಿದ್ದಾಗ ನನ್ನ ಪಕ್ಕದ ಜಯಮ್ಮ ಎದ್ದು ನಿಂತಳು.

"ಸಾ, ಓಗದೇನೋ ಗಾಳಿ ತಳ್ತದೆ. ವಾಪಸ್ ಬರಾದೆಂಗೆ?"

ಅಪ್ಪನ ಕೈ ಮೇಲೇ ನಿಂತಿತು. ಹದಿನೆಂಟು ವರ್ಷ ಈ ಪಾಠ ಮಾಡಿದ್ದರು. ಹಡಗುಗಳನ್ನು ಕಳಿಸಿ ಕಳಿಸಿ, ಒಂದನ್ನೂ ವಾಪಸ್ ಕರೆಸಿಕೊಂಡಿರಲಿಲ್ಲ. "ನಾಳೆ ಹೇಳ್ತೀನಿ, ಕೂತ್ಕೊ" ಅಂದರು. ಆ ನಾಳೆ ಬರುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಇಲ್ಲಿ ಅಪ್ಪನ ಸ್ವಭಾವ ಹೇಳದಿದ್ದರೆ ನಿಮಗೆ ಅಮ್ಮನ ಕಷ್ಟ ಅರ್ಥವಾಗುವುದಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಜೇನುಹುಳು ಒಂದೇ ವಾರದಲ್ಲಿ ಬಿಟ್ಟು ಹೋದ ಪೆಟ್ಟಿಗೆ ಇತ್ತು. ಸರಳೆ ಮುಗಿಯುವ ಮೊದಲೇ ನಿಂತುಹೋದ ಹಾರ್ಮೋನಿಯಂ ಇತ್ತು. ಹೋಮಿಯೋಪತಿ ಗುಳಿಗೆಯ ಪುಟ್ಟ ಪುಟ್ಟ ಸೀಸೆಗಳಿದ್ದವು, ಸಿಹಿಯಾಗಿವೆ ಅಂತ ನಾನೇ ಅರ್ಧ ತಿಂದಿದ್ದೆ. ಅಪ್ಪ ಹೊರಡುವುದರಲ್ಲಿ ಗಟ್ಟಿಗರು. ಅಮ್ಮ ಪ್ರತಿ ವರ್ಗಾವಣೆಯಲ್ಲೂ ಈ ಅರ್ಧರ್ಧಗಳನ್ನು ಗೋಣಿಚೀಲಕ್ಕೆ ತುಂಬಿ, ಹೊಲಿದು, ಮುಂದಿನ ಊರಿನ ಅಟ್ಟಕ್ಕೆ ಏರಿಸುತ್ತಿದ್ದಳು. ಬಯ್ಯುತ್ತಿರಲಿಲ್ಲ. ಹೊಲಿಯುವಾಗ ದಬ್ಬಣವನ್ನು ಸ್ವಲ್ಪ ಜೋರಾಗಿ ಚುಚ್ಚುತ್ತಿದ್ದಳು, ಅಷ್ಟೆ.

ಜಯಮ್ಮನ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಸಿಗಲಿಲ್ಲ. ಹೆಡ್‌ಮಾಸ್ತರರು "ಅದು ಸಿಲಬಸ್ಸಿನಲ್ಲಿಲ್ಲ" ಅಂದರು. ಅಪ್ಪ ದೋಣಿ ಕಟ್ಟಿಸಲು ನಿರ್ಧರಿಸಿದರು.

ಕೆಲಸ ಒಪ್ಪಿಕೊಂಡವರು ಮದ್ದೂರಿನ ಒಬ್ಬ ಆಚಾರರು. ಎತ್ತಿನ ಗಾಡಿ ಮಾಡುವುದರಲ್ಲಿ ಎತ್ತಿದ ಕೈ. ಅಪ್ಪ ಪಾಠದ ಪುಸ್ತಕದ ಚಿತ್ರ ತೋರಿಸಿ, ಹೀಗೆ ಹೀಗೆ ಅಂತ ವಿವರಿಸಿ ಬಂದರು. ಆಚಾರರು ತಲೆಯಾಡಿಸಿದರು. ತಿಂಗಳಾದ ಮೇಲೆ ಹೋಗಿ ನೋಡಿದರೆ ಅಂಗಳದಲ್ಲಿ ಬಹಳ ಲಕ್ಷಣವಾದ ಒಂದು ಗಾಡಿ ಮೈ ಕೂತಿತ್ತು. ಅಡಿಗೆ ಹಲಗೆ, ಪಕ್ಕಕ್ಕೆ ಹಲಗೆ, ಮುಂದೆ ಎತ್ತುಗಳಿಗೆ ನೊಗ ಕಟ್ಟುವ ಉದ್ದನೆಯ ಮೂಕಿಮರ. ಅಪ್ಪ ಅದನ್ನು ಸುತ್ತಿ ಸುತ್ತಿ ನೋಡುತ್ತಿದ್ದಾಗ ಆಚಾರರೇ ಕೇಳಿದರು: "ಗಾಲಿ ಯಾವಾಗ ತತ್ತೀರಾ ಸಾಮಿ?"

ಗಾಲಿ ಬೇಡ, ಇದು ನೀರಿನ ಮೇಲೆ ಹೋಗುವುದು ಅಂದಾಗ ಆಚಾರರು ಬಹಳ ಹೊತ್ತು ಯೋಚಿಸಿ, "ಎತ್ತಿಗೆ ಕಾಲು ನಿಲುಕ್ಬೇಕಲ್ಲ" ಅಂದರಂತೆ.

ಆ ಗಾಡಿ ಮೈಯೇ ನಮ್ಮ ದೋಣಿಯಾಯಿತು. ಸಂದುಗಳಿಗೆಲ್ಲ ನಾರು ತುರುಕಿ, ರಸ್ತೆ ಕೆಲಸದವರಿಂದ ಬೇಡಿ ತಂದ ಡಾಂಬರನ್ನು ಕಾಯಿಸಿ ಬಳಿದರು. ಕೆರೆ ದಡದಲ್ಲಿ ಒಲೆ ಹೂಡಿ ಅಪ್ಪ ಡಾಂಬರು ಕಾಯಿಸುವುದು, ಅಮ್ಮ ಅಲ್ಲಿಗೇ ಚಿತ್ರಾನ್ನ ತರುವುದು. ನನ್ನ ಹಸಿವಿನ ಗುಟ್ಟು ಇದು. ಅಪ್ಪನ ಎರಡು ಪಂಚೆಗಳನ್ನು ಮುಕ್ಕೋನವಾಗಿ ಕತ್ತರಿಸಿ ಹೊಲಿದು ಹಾಯಿ ಮಾಡಿದರು. ಮೇಲೊಂದು ಬಿದಿರು, ಕೆಳಗೊಂದು ಬಿದಿರು. ಕೆಳಗಿನ ಬಿದಿರು ಸರಿಯಾಗಿ ಕೂತವರ ತಲೆಯ ಮಟ್ಟಕ್ಕೆ ಓಡಾಡುತ್ತಿತ್ತು. ಹಿಂದೆ ಬಾಗಿಲಿನ ತಿರುಗಣಿಗೆ ಸಿಕ್ಕಿಸಿದ ಒಂದು ಚುಕ್ಕಾಣಿ. ಹುಟ್ಟು ಮಾತ್ರ ಇಟ್ಟುಕೊಳ್ಳಲಿಲ್ಲ. ಹುಟ್ಟು ಹಾಕಿ ಬರುವುದು ಅಂದರೆ ಪರೀಕ್ಷೆಯಲ್ಲಿ ಪಕ್ಕದವರದನ್ನು ನೋಡಿ ಬರೆದ ಹಾಗೆ ಅಂತ ಅಪ್ಪನ ವಾದ.

ಊರವರಿಗೆ ದೋಣಿಯ ಹೆಸರೇ ಒಂದು ತಲೆನೋವಾಯಿತು. ನಮ್ಮ ಕಡೆ ಹಾಯೋದು ಅಂದರೆ ದನ ಕೊಂಬಿನಿಂದ ತಿವಿಯೋದು. ಮಾತಿನಲ್ಲಿ ಹಕಾರವನ್ನು ನುಂಗಿಬಿಡುವುದರಿಂದ ಹಾಯೋ ಹಸು ಆಯೋ ಅಸ ಆಗುತ್ತದೆ. ಅಪ್ಪ ಹೆಮ್ಮೆಯಿಂದ ಹಾಯಿ ದೋಣಿ ಅಂದದ್ದು ಕೇರಿ ಸುತ್ತಿ ಬರುವಷ್ಟರಲ್ಲಿ ಆಯೋ ದೋಣಿ ಆಗಿತ್ತು. ನೀರಿಗಿಳಿಸುವ ದಿನ ಜಯಮ್ಮನ ಅಪ್ಪ ಬೋರೇಗೌಡರು ಎಮ್ಮೆಗಳನ್ನು ಕೆರೆಗೆ ಬಿಟ್ಟು, ದಡದಲ್ಲಿ ಕೂತು ಬೀಡಿ ಸೇದುತ್ತಿದ್ದರು.

"ಏನ್ಸಾ, ಆಯೋ ದೋಣಿ ಅಂತಾವ್ರೆ. ದಿಟ್ವಾ?"

"ಹೌದು ಗೌಡ್ರೇ, ಹಾಯಿ ದೋಣಿ."

"ಅಂಗಾರೆ ಕಟ್ಟಾಕಿ ಸಾ. ಮಕ್ಳು ಮರಿ ಓಡಾಡ್ತವೆ."

ಅಪ್ಪ ನಕ್ಕು, ಹಾಯಿ ಬಿಚ್ಚಿದರು. ಆಷಾಢದ ಗಾಳಿ. ಪಂಚೆ ಹೊಟ್ಟೆ ಉಬ್ಬಿಸಿಕೊಂಡು ಒಂದೇ ಸಲ ಎಳೆಯಿತು. ನಾವು ಚುಕ್ಕಾಣಿ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಮುಂದಿನ ಮೂಕಿಮರ ಹೋಗಿ, ಕಣ್ಣು ಮುಚ್ಚಿ ಮಲಗಿದ್ದ ಬೋರೇಗೌಡರ ಹಿರಿಯ ಎಮ್ಮೆಯ ತಿಕಕ್ಕೆ ತಿವಿಯಿತು. ಎಮ್ಮೆ ಎದ್ದ ರಭಸಕ್ಕೆ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಬೋರೇಗೌಡರು ಸೊಂಟದ ಮಟ್ಟ ನೀರಿಗಿಳಿದು ಬಂದು, ಎಮ್ಮೆಗೆ ಗಾಯವಾಗಿದೆಯೇ ಅಂತ ನೋಡಿ, ಏನೂ ಆಗಿಲ್ಲವೆಂದು ತಿಳಿದ ಮೇಲೆ ಅಪ್ಪನ ಕಡೆ ತಿರುಗಿದರು.

"ಎಮ್ಮೆ ದೋಣಿಗೆ ಆಯ್ದಿದ್ದು ಕೇಳಿವ್ನಿ ಸಾ. ದೋಣಿ ಎಮ್ಮೆಗೆ ಆಯ್ದಿದ್ದು ಇದೇ ಮೊದ್ಲು ಕಣ್ ಸಾ."

ಅಂದಿನಿಂದ ಅವರು ನಮ್ಮ ನೌಕಾಯಾನದ ಖಾಯಂ ವಿಮರ್ಶಕರಾದರು.

ಪ್ರತಿ ಭಾನುವಾರ ಸವಾರಿ. ಅಪ್ಪ, ನಾನು, ಅಜ್ಜಿ. ಅಜ್ಜಿ ಅಂದರೆ ಅಪ್ಪನ ಅಮ್ಮ, ಎಪ್ಪತ್ತು ದಾಟಿದ ಮಡಿ ಹೆಂಗಸು. ಬಸ್ಸು ಹತ್ತಿದರೆ ಯಾರ ಮೈ ತಗಲುತ್ತದೋ ಅಂತ ಮುದುಡಿ ಕೂರುವವರು ದೋಣಿಯಲ್ಲಿ ಕಾಲು ಚಾಚಿ ಕೂತರು. "ಸುತ್ತಲೂ ನೀರು, ಯಾರೂ ಮುಟ್ಟೋಕಾಗಲ್ಲ. ಇದಕ್ಕಿಂತ ಮಡಿ ಜಾಗ ಎಲ್ಲಿದೆ?" ಅಂದರು. ಆಚಾರರ ಗಾಡಿ ಮೈ ಎಷ್ಟು ಡಾಂಬರು ಕುಡಿದರೂ ಸೋರುತ್ತಿತ್ತು. ಆ ನೀರನ್ನು ತಂಬಿಗೆಯಲ್ಲಿ ಎತ್ತಿ ಹೊರಗೆ ಹಾಕುವ ಕೆಲಸ ಅಜ್ಜಿಯದು. ಒಂದು ತಂಬಿಗೆಗೆ ಒಂದು ರಾಮನಾಮ. ಜಪ ಹೆಚ್ಚಾದಷ್ಟೂ ದೋಣಿ ತೇಲುತ್ತಿತ್ತು ಅಂತ ಅಜ್ಜಿ ನಂಬಿದ್ದರು, ಅದು ಅಕ್ಷರಶಃ ನಿಜವೂ ಆಗಿತ್ತು.

ಹೋಗುವುದು ಸ್ವರ್ಗ. ಕಾಲು ಗಂಟೆಯಲ್ಲಿ ಕೆರೆ ದಾಟಿ ತೂಬಿನ ಹತ್ತಿರ ಇಳಿಯುತ್ತಿದ್ದೆವು. ಬರುವುದು ಮಾತ್ರ ಬೇರೆ ಕಥೆ. ಗಾಳಿ ಒಂದೇ ಸಮ ಏರಿಯ ಕಡೆಗೇ ನೂಕುತ್ತಿತ್ತು. ಅಪ್ಪ ಹಾಯಿಯನ್ನು ಹೇಗೆ ತಿರುಗಿಸಿದರೂ ದೋಣಿ ಏಡಿಯಂತೆ ಅಡ್ಡಡ್ಡ ಜಾರಿ ಮತ್ತೆ ತೂಬಿಗೇ ಬರುತ್ತಿತ್ತು. ಕೊನೆಗೆ ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು, ಕೆರೆಯ ಅಂಚಿನ ಕೆಸರಿನಲ್ಲಿ ಎರಡು ಮೈಲಿ ಸುತ್ತು, ದೋಣಿಯನ್ನು ಎಳೆಯುತ್ತಿದ್ದರು. ಮೂರು ಗಂಟೆ. ಮೂಕಿಮರಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಅಜ್ಜಿ ಇಳಿಯುತ್ತಿರಲಿಲ್ಲ, ದೋಣಿಯಲ್ಲೇ ಕೂತು ಮಗನನ್ನು "ನಿಧಾನ, ನಿಧಾನ" ಅನ್ನುತ್ತಿದ್ದರು.

ಅಮ್ಮ ಹತ್ತಲಿಲ್ಲ. ಮೊದಲ ಭಾನುವಾರ ಅಪ್ಪ ಅವಳಿಗಾಗಿ ಒಂದು ಚಾಪೆಯನ್ನೇ ಹಾಸಿ ಕರೆದಿದ್ದರು. ಅಮ್ಮ ದೋಣಿಯನ್ನು ಮೂಕಿಯಿಂದ ಚುಕ್ಕಾಣಿಯವರೆಗೆ ನೋಡಿ, "ಬರೋದು ಹೇಗೆ ಅಂತ ಕಲಿತ ದಿನ ಕರೀರಿ, ಹತ್ತುತ್ತೀನಿ" ಅಂದಳು. ಕೋಪದಲ್ಲಿ ಹೇಳಲಿಲ್ಲ. ಆದರೆ ಜೇನುಪೆಟ್ಟಿಗೆ, ಹಾರ್ಮೋನಿಯಂ, ಸೀಸೆಗಳು ಎಲ್ಲವೂ ಆ ಮಾತಿನಲ್ಲಿದ್ದವು. ಅಪ್ಪನಿಗೂ ಅದು ಕೇಳಿಸಿತು. ಆ ದಿನದಿಂದ ಅಪ್ಪನಿಗೆ ಬೇಕಾಗಿದ್ದದ್ದು ಜಯಮ್ಮನಿಗೆ ಉತ್ತರವಲ್ಲ. ಒಂದೇ ಒಂದು ಸಲ ಅಮ್ಮ ಆ ಚಾಪೆಯ ಮೇಲೆ ಕೂರಬೇಕು, ಅಷ್ಟೆ. ಚಾಪೆ ಪ್ರತಿ ಭಾನುವಾರ ಖಾಲಿ ಹೋಗಿ ಖಾಲಿ ಬರುತ್ತಿತ್ತು. ಅಮ್ಮ ಹೊಲದ ದಾರಿಯಲ್ಲಿ ನಡೆದು, ಏರಿ ಹತ್ತಿ, ತೂಬಿನ ಹತ್ತಿರ ನಮಗೆ ಊಟ ತರುತ್ತಿದ್ದಳು.

ಬೋರೇಗೌಡರು ಒಂದು ಪರಿಹಾರ ಸೂಚಿಸಿದರು. "ಆಸಾಡ್ದಲ್ಲಿ ಗಾಳಿ ಆ ಕಡೀಕೆ, ದೀಪಾವಳಿಗೆ ಈ ಕಡೀಕೆ. ಇವಾಗ ಓಗಿ, ದೀಪಾವಳಿಗೆ ವಾಪಸ್ ಬಂದುಬುಡಿ ಸಾ." ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಹಳೇ ಕಾಲದ ವರ್ತಕರು ಮಾನ್ಸೂನ್ ನಂಬಿ ಮಾಡುತ್ತಿದ್ದದ್ದು ಅದನ್ನೇ ಅಂತ ಅವರು ಗಂಭೀರವಾಗಿ ಒಪ್ಪಿಕೊಂಡಾಗ ಬೋರೇಗೌಡರಿಗೇ ಗಾಬರಿಯಾಯಿತು. ದೀಪಾವಳಿಯ ಹೊತ್ತಿಗೆ ಗಾಳಿ ನಿಜವಾಗಿಯೂ ತಿರುಗಿತು. ಆಗ ದೋಣಿ ನಮ್ಮ ದಡ ಬಿಟ್ಟು ಕದಲಲೇ ಇಲ್ಲ. ಅಜ್ಜಿ ಆರು ತಿಂಗಳು ನಿಂತ ದೋಣಿಯಲ್ಲೇ ಜಪ ಮಾಡಿದರು.

ಎರಡನೆಯ ಆಷಾಢ ಬರುವ ಹೊತ್ತಿಗೆ ವರ್ಗಾವಣೆಯ ಆರ್ಡರೂ ಬಂತು. ಮಳವಳ್ಳಿ ತಾಲ್ಲೂಕು, ಬಂಡೂರಿನ ಕಡೆಗೆ. "ಬಂಡೂರು ಅಂದ್ರೆ ಕುರಿ ಅಲ್ವಾ? ಅಲ್ಲಿ ಕೆರೆ ಇದೆಯೋ ಇಲ್ಲವೋ" ಅಂತ ಅಜ್ಜಿ ಚಿಂತೆಗೆ ಬಿದ್ದರು. ಉಳಿದದ್ದು ಎರಡು ಭಾನುವಾರ. ಅಮ್ಮ ಗೋಣಿಚೀಲ, ದಬ್ಬಣ ಹೊರತೆಗೆದಳು. ದೋಣಿಯನ್ನು ಯಾವ ಚೀಲಕ್ಕೆ ತುಂಬುವುದು ಅಂತ ಅವಳು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಅಪ್ಪ ಅಷ್ಟು ಸಪ್ಪಗಾದದ್ದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬರುತ್ತಿತ್ತು.

ಮೊದಲ ಭಾನುವಾರ ಎಂದಿನಂತೆ ಸೋತು ತೂಬಿನ ಕಲ್ಲಿನ ಮೇಲೆ ಕೂತಿದ್ದೆವು. ಕೆಳಗಿನ ಗದ್ದೆ ಬಯಲಿನಿಂದ ಅಮ್ಮ ಊಟದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಏರಿ ಹತ್ತುತ್ತಿದ್ದಳು. ಏರಿ ಬಹಳ ಕಡಿದಾಗಿತ್ತು. ಅಮ್ಮ ಬಲಕ್ಕೆ ಹತ್ತು ಹೆಜ್ಜೆ ಓರೆಯಾಗಿ ಹತ್ತಿ, ತಿರುಗಿ, ಎಡಕ್ಕೆ ಹತ್ತು ಹೆಜ್ಜೆ ಓರೆಯಾಗಿ ಹತ್ತುತ್ತಿದ್ದಳು. ವರ್ಷದಿಂದ ಅವಳು ಹಾಗೇ ಹತ್ತುತ್ತಿದ್ದಳು. ಅಪ್ಪ ಅವತ್ತು ನೋಡಿದರು.

"ಏನೇ ಅದು, ನೆಟ್ಟಗೆ ಯಾಕೆ ಹತ್ತಲ್ಲ ನೀನು?"

"ನೆಟ್ಟಗೆ ಹತ್ತಿದ್ರೆ ಎದೆ ಹೊಡ್ಕೊಳ್ಳುತ್ತೆ. ಓರೆಯಾಗಿ ಬಂದ್ರೆ ಏರಿಗೇ ಗೊತ್ತಾಗಲ್ಲ ನಾನು ಹತ್ತಿದ್ದು."

ಅಪ್ಪ ಅನ್ನದ ತುತ್ತು ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತರು. ಆದರೆ ದೋಣಿಯನ್ನು ಓರೆಯಾಗಿ ಬಿಟ್ಟರೂ ಪಕ್ಕಕ್ಕೆ ಜಾರಿತು. ಅಮ್ಮನ ಪಾದಕ್ಕೆ ಹಿಡಿತವಿತ್ತು, ದೋಣಿಗೆ ಇರಲಿಲ್ಲ. ಆ ಗುಟ್ಟು ಬೋರೇಗೌಡರಿಂದ ಬಂತು. "ನೇಗ್ಲು ನೆಲಕ್ಕಿಳಿಸ್ದೆ ಎತ್ತು ಓಡಿಸ್ದಂಗಾಯ್ತು ಸಾ ಇದು. ಸಾಲು ಎಲ್ಲಿಂದ ಬತ್ತದೆ? ನೀರ್ನ ಏನಾರ ಕಚ್ಬೇಕು."

ಆ ವಾರವೆಲ್ಲ ಅಪ್ಪ ಒಂದು ಗಟ್ಟಿ ಹಲಗೆಗಾಗಿ ಮನೆಯನ್ನು ಅಳೆದರು. ಶುಕ್ರವಾರ ಅವರ ಕಣ್ಣು ದೇವರಮನೆಯ ಬಾಗಿಲಿನ ಮೇಲೆ ನೆಟ್ಟಿತು. ಅಮ್ಮ ಒಂದು ಗೋಣಿಚೀಲದ ಹೊಲಿಗೆ ಬಿಚ್ಚಿ ಒಂದು ಮಣೆ ತೆಗೆದು ಅಪ್ಪನ ಮುಂದಿಟ್ಟಳು. ಹಲಸಿನ ಮರದ್ದು, ಉದ್ದನೆಯದು, ಹಿತ್ತಾಳೆ ಮೊಳೆ ಹೊಡೆದದ್ದು. ಅವಳ ತವರಿನದು, ಮದುವೆಯಲ್ಲಿ ಇಬ್ಬರೂ ಕೂತ ಹಸೆಮಣೆ.

"ಇದನ್ನ ತಗೊಳ್ಳಿ. ಬಾಗಿಲು ಮನೆ ಓನರ್‌ದು."

ಅಪ್ಪ ಮಣೆಗೆ ಡಾಂಬರು ಬಳಿಯಲು ಹೋದರು. "ಅದಕ್ಕೂ ಬಳೀಬೇಡಿ" ಅಂದಳು ಅಮ್ಮ. ಅಷ್ಟರಲ್ಲಿ ಒಂದು ಮೂಲೆಗೆ ಬಳಿದಾಗಿತ್ತು.

ಕೊನೆಯ ಭಾನುವಾರ ತೂಬಿನ ಹತ್ತಿರ ಊಟವಾದ ಮೇಲೆ ಅಮ್ಮ ಬುಟ್ಟಿ ಕೈಗೆ ತೆಗೆದುಕೊಂಡು ಸೀದಾ ದೋಣಿಗೆ ಹೋಗಿ ಚಾಪೆಯ ಮೇಲೆ ಕೂತುಬಿಟ್ಟಳು. ನಾವು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಇನ್ನೂ ಕಲಿತಿಲ್ಲ ಕಣೇ" ಅಂದರು ಅಪ್ಪ. ಸುಳ್ಳು ಹೇಳಲು ಬಾರದ ಮನುಷ್ಯ.

"ಗೊತ್ತು. ನನ್ನ ಮಣೆ ನೀರಿಗೆ ಹೋಗ್ತಿದೆ, ನಾನು ದಡದಲ್ಲಿ ನಿಂತಿರಲಾ?"

ಹೊರಟೆವು. ನಿಮಗೆ ಹೇಗೆ ವರ್ಣಿಸಲಿ! ಅಪ್ಪ "ತಲೆ!" ಅಂದರೆ ಎಲ್ಲರೂ ಬಗ್ಗಬೇಕು, ಬಿದಿರು ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. "ಮಣೆ!" ಅಂದರೆ ಅಮ್ಮ ಮತ್ತು ನಾನು ಈ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ಮಣೆಯನ್ನು ಎತ್ತಿ ಆ ಪಕ್ಕಕ್ಕೆ ಇಳಿಸಿ ಹಗ್ಗ ಬಿಗಿಯಬೇಕು. ಅಜ್ಜಿಗೆ ಎರಡು ಸಲ ಬಿದಿರು ಬಡಿಯಿತು. ಎರಡು ಸಲವೂ ರಾಮನಾಮ ಒಂದು ಸ್ಥಾಯಿ ಮೇಲೆ ಹೋಯಿತೇ ಹೊರತು ತಂಬಿಗೆ ನಿಲ್ಲಲಿಲ್ಲ. ದೋಣಿ ಜಾರಲಿಲ್ಲ. ಗಾಳಿ ಮುಖಕ್ಕೇ ಹೊಡೆಯುತ್ತಿದ್ದರೂ, ಬಲಕ್ಕೊಂದು ಓರೆ, ಎಡಕ್ಕೊಂದು ಓರೆ, ತೂಬು ಚಿಕ್ಕದಾಗುತ್ತಾ ಹೋಯಿತು. ದಡದಲ್ಲಿ ಅರ್ಧ ಊರು ನಿಂತಿತ್ತು. "ಬತ್ತಾವ್ರೆ ಕಣ್ಲಾ! ಎದ್ರು ಗಾಳೀಲಿ ಬತ್ತಾವ್ರೆ!" ಅಂತ ಬೋರೇಗೌಡರು ಟವಲ್ ಬೀಸಿ ಕೂಗುತ್ತಿದ್ದದ್ದು ನೀರಿನ ಮೇಲೆ ಕೇಳಿಸುತ್ತಿತ್ತು. ಅಪ್ಪನ ಕಣ್ಣಲ್ಲಿ ನೀರು. ಕೆರೆ ನೀರು ಹಾರಿತು ಅಂತ ಒರೆಸಿಕೊಂಡರು.

ದಡ ಇನ್ನು ಐವತ್ತು ಗಜ. ಗಾಳಿ ನಿಂತುಹೋಯಿತು.

ಸುಮ್ಮನೆ ನಿಂತುಹೋಯಿತು ನೋಡಿ. ಪಂಚೆ ಸೋತು ಜೋತುಬಿತ್ತು. ಎದುರಾಗಿ ಹೊಡೆಯುವ ಗಾಳಿಯನ್ನು ಗೆಲ್ಲುವುದು ಹೇಗೆ ಅಂತ ಹದಿನಾಲ್ಕು ತಿಂಗಳು ಕಲಿತಿದ್ದರು ಅಪ್ಪ, ಇಲ್ಲದ ಗಾಳಿಯನ್ನು ಏನು ಮಾಡಬೇಕು ಅಂತ ಕಲಿತಿರಲಿಲ್ಲ. ಅಜ್ಜಿಯ ತಂಬಿಗೆಯೂ ನಿಂತಿತು. ದಡದಲ್ಲಿ ಬೋರೇಗೌಡರ ಟವಲ್ ಕೆಳಗಿಳಿಯಿತು. ಅಪ್ಪ ಚುಕ್ಕಾಣಿ ಬಿಟ್ಟು ತಲೆ ತಗ್ಗಿಸಿದರು. ಅಟ್ಟದ ಮೇಲೆ ಇನ್ನೊಂದು ಪೆಟ್ಟಿಗೆ ಸೇರಿತು ಅಂತ ನನಗನ್ನಿಸಿತು.

ಅಮ್ಮ ಸೆರಗು ಸಿಕ್ಕಿಸಿಕೊಂಡಳು. ಹಗ್ಗ ಬಿಚ್ಚಿ ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು, ದೋಣಿಯ ಅಂಚಿಗೆ ಬಗ್ಗಿ, ಹಿಟ್ಟು ತೊಳಸಿದ ಹಾಗೆ ನೀರನ್ನು ಹಿಂದಕ್ಕೆ ಎಳೆದಳು. ದೋಣಿ ಕದಲಿತು.

"ಅದು ಹುಟ್ಟು ಹಾಕಿದ ಹಾಗಾಯ್ತಲ್ಲೇ" ಅಂದರು ಅಪ್ಪ ಸಣ್ಣ ದನಿಯಲ್ಲಿ.

"ಮಣೆ ಹಾಕ್ತಿದೀನಿ" ಅಂದಳು ಅಮ್ಮ.

ಆ ಐವತ್ತು ಗಜವನ್ನು ಅಮ್ಮ ಹಾಗೇ ತಂದಳು. ನಾವು ಗಾಳಿಯಿಂದ ಬಂದೆವೋ ಮಣೆಯಿಂದ ಬಂದೆವೋ ಅನ್ನುವ ವಾದ ನಮ್ಮ ಮನೆಯಲ್ಲಿ ಮೂವತ್ತು ವರ್ಷ ನಡೆಯಿತು. ಮಾರನೆಯ ದಿನ ಅಪ್ಪ ಕ್ಲಾಸಿಗೆ ಬಂದರು. ಜಯಮ್ಮ ಆ ವರ್ಷ ಫೇಲಾಗಿ ಪುಣ್ಯಕ್ಕೆ ಇನ್ನೂ ಅಲ್ಲೇ ಇದ್ದಳು. ಎಂಟನೆಯದಕ್ಕೆ ಹೋಗಿದ್ದ ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ. ಅಪ್ಪ ಬೋರ್ಡಿನ ಮೇಲೆ ಉದ್ದಕ್ಕೂ ಒಂದು ಡೊಂಕು ಗೆರೆ ಎಳೆದು, "ಜಯಮ್ಮಾ, ವಾಪಸ್ ಬರೋದು ಹೀಗೆ, ಓರೆಯಾಗಿ" ಅಂದರು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, "ಕೊನೇ ಐವತ್ತು ಗಜ ಗಾಳಿಯಿಂದ ಆಗಲ್ಲ. ಅದಕ್ಕೆ ಜೊತೇಲಿ ಯಾರಾದ್ರೂ ಇರಬೇಕು" ಅಂದರು. ಜಯಮ್ಮ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.

ದೋಣಿಯನ್ನು ಅಪ್ಪ ಬೋರೇಗೌಡರಿಗೆ ಕೊಟ್ಟರು. ಅವರು ಮದ್ದೂರಿನ ಅದೇ ಆಚಾರರಿಂದ ಅದಕ್ಕೆ ಎರಡು ಗಾಲಿ ಹಾಕಿಸಿ, ಮೂಕಿಗೆ ನೊಗ ಕಟ್ಟಿ, ನಮ್ಮ ಗೋಣಿಚೀಲಗಳನ್ನು ತುಂಬಿಕೊಂಡು ಮಳವಳ್ಳಿಯವರೆಗೆ ತಂದುಬಿಟ್ಟರು. ಚೀಲಗಳ ಮೇಲೆ ಚಾಪೆ ಹಾಸಿ ಅಮ್ಮ ಕೂತಿದ್ದಳು. ಅಜ್ಜಿ ಮಾತ್ರ ದಾರಿಯುದ್ದಕ್ಕೂ, ಇದು ಸೋರುವುದೇ ಇಲ್ಲವಲ್ಲ ಅಂತ ಖಾಲಿ ತಂಬಿಗೆ ಹಿಡಿದು ಬೇಸರಪಟ್ಟರು.

ಅಪ್ಪ, ಅಮ್ಮ, ಅಜ್ಜಿ ಮೂವರೂ ಈಗಿಲ್ಲ. ಮಣೆ ನನ್ನ ಹತ್ತಿರ ಇದೆ, ಒಂದು ಮೂಲೆಯಲ್ಲಿ ಕಪ್ಪು ಕಲೆಯ ಸಮೇತ. ಅಮ್ಮನ ಮಾತನ್ನು ನಾನು ಎಷ್ಟು ಚೆನ್ನಾಗಿ ಕಲಿತಿದ್ದೆ! ಎಂಟು ತಿಂಗಳು ಯಜಮಾನರ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾ ಬಂದೆ. ಅಮ್ಮ ಆ ಮಾತನ್ನು ಮುರಿದು, ಇನ್ನೂ ಕಲಿಯದವನ ದೋಣಿ ಹತ್ತಿ ಕೂತದ್ದನ್ನು ಮಾತ್ರ ಮರೆತಿದ್ದೆ. ನಾಚಿಕೆಯಾಯಿತು ನನಗೆ.

ಹಾರನ್ ಇನ್ನೂ ಹೊಡೆದುಕೊಳ್ಳುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು, ಹಸಿ ಡಾಂಬರು ತುಳಿಯದ ಹಾಗೆ ಬೀದಿಯ ಅಂಚಿನಲ್ಲಿ ನಡೆದು ಹೋದೆ. ಯಜಮಾನರು ಬೆವತುಹೋಗಿದ್ದರು. ಡಾಂಬರಿನವರು ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಿದ್ದರು. ನಾನು ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತೆ. ಸೀಟು ಮೆತ್ತಗಿತ್ತು.

"ಇನ್ನೂ ರಿವರ್ಸ್ ಬರಲ್ಲ ಕಣೇ" ಅಂದರು ಅವರು.

"ಗೊತ್ತು. ಓರೆಯಾಗಿ ತೆಗೀರಿ, ನಾನು ಹಿಂದೆ ನೋಡ್ತಿರ್ತೀನಿ" ಅಂದೆ.